‘ಬಿಡ್ತು ಅನ್ನು’ ಅನ್ನಬೇಡಿ: ಯೂಕೆಯ ಕನ್ನಡ ಅಪ್ಪ ಅಮ್ಮಂದಿರಿಗೆ ಒಂದು ಬಹಿರಂಗ ಪತ್ರ

ಪ್ರೀತಿಯ ಅಪ್ಪ ಅಮ್ಮಂದಿರೇ,

ನಮಸ್ಕಾರ. ಈ ವರ್ಷ ನಿಮ್ಮ ಮನೆಯಲ್ಲಿ ಯಾರಾದರೂ ಶಾಲೆಯ ಕೊನೆಯ ಪರೀಕ್ಷೆಯಾದ ಎ ಲೆವೆಲ್ ಬರೆಯುತ್ತಿದ್ದರೆ ಈ ಪತ್ರ ನಿಮಗೆ. ಮೇ ತಿಂಗಳು ಬಂದಿದೆ. ಐದು ಯೂನಿವರ್ಸಿಟಿಗೆ ಅರ್ಜಿ ಹಾಕಿದ್ದರೆ ಮೂರೋ ನಾಲ್ಕೋ ಆಫರ್, ಅಂದರೆ ಇಷ್ಟು ಗ್ರೇಡ್ ಬಂದರೆ ಸೀಟು ಕೊಡುತ್ತೇವೆ ಅನ್ನುವ ಮಾತು, ಕೈಸೇರಿರಬಹುದು. ಈಗ ಅವುಗಳಲ್ಲಿ ಎರಡನ್ನು ಮಾತ್ರ ಇಟ್ಟುಕೊಂಡು ಮಿಕ್ಕಿದ್ದನ್ನು ಬಿಡಬೇಕು. ಒಂದು ಫರ್ಮ್, ಅಂದರೆ ಮೊದಲ ಆಯ್ಕೆ. ಇನ್ನೊಂದು ಇನ್ಶೂರೆನ್ಸ್, ಅಂದರೆ ಅದು ತಪ್ಪಿದರೆ ಹೋಗುವ ಜಾಗ. ಹೆಚ್ಚಿನ ಮಕ್ಕಳು ಜೂನ್ ಮೊದಲ ವಾರದೊಳಗೆ ಯೂನಿವರ್ಸಿಟಿ ಅರ್ಜಿಗಳನ್ನೆಲ್ಲ ನೋಡಿಕೊಳ್ಳುವ ಯೂಕಾಸ್ ಸಂಸ್ಥೆಗೆ ಉತ್ತರ ಕೊಡಬೇಕು. ಕೊಡದಿದ್ದರೆ ಬಂದ ಆಫರ್‌ಗಳು ತಾವಾಗಿಯೇ ಬಿದ್ದುಹೋಗುತ್ತವೆ. ನಿಮ್ಮ ಮಗುವಿನ ಕೊನೆಯ ದಿನಾಂಕ ಯಾವುದು ಅಂತ ಯೂಕಾಸ್ ವೆಬ್‌ಸೈಟಿನ ಅವರ ಪುಟದಲ್ಲಿ, ಅಂದರೆ ಹಬ್‌ನಲ್ಲಿ, ನೋಡಿಕೊಳ್ಳಿ. ಅದು ಎಲ್ಲರಿಗೂ ಒಂದೇ ಇರುವುದಿಲ್ಲ.

ಫರ್ಮ್ ಯಾವುದು ಅಂತ ಎಲ್ಲರ ಮನೆಯಲ್ಲೂ ತಿಂಗಳುಗಟ್ಟಲೆ ಮಾತಾಗಿರುತ್ತದೆ. ನಾನು ಬರೆಯುತ್ತಿರುವುದು ಎರಡನೆಯದರ ಬಗ್ಗೆ. ನಮ್ಮ ಮನೆಯಲ್ಲಿ ಅದಕ್ಕೆ ಕೊಟ್ಟ ಸಮಯ ಹತ್ತು ನಿಮಿಷ. ಆ ಹತ್ತು ನಿಮಿಷದಲ್ಲಿ ಒಂದು ತಪ್ಪು ಮಾಡಿದೆ. ಅದರ ಫಲ ಉಂಡವನು ನನ್ನ ಮಗ.

2023ರಲ್ಲಿ ಅವನು ಮ್ಯಾಥ್ಸ್, ಫಿಸಿಕ್ಸ್, ಕೆಮಿಸ್ಟ್ರಿ ಬರೆದ. ಕಂಪ್ಯೂಟರ್ ಸೈನ್ಸ್ ಓದುವ ಆಸೆ. ಶಾಲೆಯವರು ಕೊಟ್ಟ ಪ್ರೆಡಿಕ್ಟೆಡ್ ಗ್ರೇಡ್, ಅಂದರೆ ಇಷ್ಟು ಬರಬಹುದು ಅನ್ನುವ ಅಂದಾಜು, ಒಂದು ಎ ಸ್ಟಾರ್ (ಎಗಿಂತ ಮೇಲಿನದು), ಎರಡು ಎ. ಕೈಯಲ್ಲಿ ಮೂರು ಆಫರ್ ಇದ್ದವು. ಮೊದಲನೆಯವರು ಕೇಳಿದ್ದು ಒಂದು ಎ ಸ್ಟಾರ್, ಎರಡು ಎ. ಎರಡನೆಯವರು ಮೂರು ಎ. ಮೂರನೆಯವರು ಎಬಿಬಿ, ಅಂದರೆ ಒಂದು ಎ, ಎರಡು ಬಿ. ಈ ಮೂರನೆಯದು ಅವನಿಗೆ ನಿಜಕ್ಕೂ ಹಿಡಿಸಿದ್ದ ಜಾಗ. ಓಪನ್ ಡೇಗೆ ಹೋದಾಗ ಅಲ್ಲಿನ ಲೆಕ್ಚರರ್ ಒಬ್ಬರು ಅವನನ್ನು ಲ್ಯಾಬಿಗೆ ಕರೆದುಕೊಂಡು ಹೋಗಿ ಅರ್ಧ ಗಂಟೆ ಮಾತಾಡಿಸಿದ್ದರು. ವಾಪಸ್ ಬರುವಾಗ ಟ್ರೈನಿನಲ್ಲೆಲ್ಲ ಅದೇ ಮಾತು. ಆದರೆ ಆ ಹೆಸರು ನಾಲ್ಕು ಜನರ ಮುಂದೆ ಹೇಳಲು ನನಗೆ ಮನಸ್ಸಾಗಲಿಲ್ಲ. ಬೆಂಗಳೂರಿನಲ್ಲಿರುವ ಅಕ್ಕ ಭಾವ ಆ ಯೂನಿವರ್ಸಿಟಿಯ ಹೆಸರೇ ಕೇಳಿರಲಿಲ್ಲ. ಎರಡನೆಯದು ಕೇಳಿದ್ದರು. ಅಷ್ಟೇ ಕಾರಣ. ‘ಮೊದಲನೆಯದು ಫರ್ಮ್, ಎರಡನೆಯದು ಇನ್ಶೂರೆನ್ಸ್, ಹಾಕಿಬಿಡು’ ಅಂದೆ. ಹಾಕಿದ.

ಅದಕ್ಕೂ ಮೊದಲು, ಅದೇ ಮೇ ತಿಂಗಳಲ್ಲಿ, ಒಂದು ರಾತ್ರಿ ನಾನು ಪಾತ್ರೆ ತೊಳೆಯುತ್ತಿದ್ದೆ. ಅವನು ನೀರಿನ ಲೋಟ ಹಿಡಿದುಕೊಂಡು ಅಡುಗೆಮನೆ ಬಾಗಿಲಿಗೆ ಒರಗಿ ನಿಂತ. ‘ಅಮ್ಮ, ಕೆಮಿಸ್ಟ್ರಿಲಿ ಬಿ ಬಂದ್ರೆ?’ ಅಂದ. ನಾನು ತಿರುಗಿ ಕೂಡ ನೋಡಲಿಲ್ಲ. ‘ಬಿಡ್ತು ಅನ್ನು. ಪರೀಕ್ಷೆ ಹೊತ್ತಲ್ಲಿ ಅಂಥ ಮಾತಾಡ್ತಾರಾ?’ ಅಂದೆ. ಅವನು ‘ಬಿಡ್ತು’ ಅಂದ. ನೀರು ಕುಡಿದು, ಲೋಟ ನನ್ನ ಪಕ್ಕದಲ್ಲಿಟ್ಟು ಮೇಲೆ ಹೋದ.

ನಮ್ಮಲ್ಲಿ ಇದು ಅಭ್ಯಾಸ, ಅಲ್ವಾ? ಕೆಟ್ಟದ್ದು ಬಾಯಲ್ಲಿ ಬಂದರೆ ಸಾಕು, ‘ಬಿಡ್ತು ಅನ್ನು’ ಅನ್ನುತ್ತೇವೆ. ನಮ್ಮ ಅಮ್ಮ ನನಗೆ ಹೇಳುತ್ತಿದ್ದರು, ನಾನು ಮಗನಿಗೆ ಹೇಳಿದೆ. ಪ್ರೀತಿಯಿಂದಲೇ ಬರುವ ಮಾತು ಅದು. ಆದರೆ ಆ ರಾತ್ರಿ ಅವನು ಕೆಟ್ಟದ್ದು ಆಡಲಿಲ್ಲ. ತನಗೆ ಮಾತ್ರ ಗೊತ್ತಿದ್ದ ಒಂದು ಸುದ್ದಿಯನ್ನು ನನಗೆ ತಿಳಿಸಲು ಬಂದಿದ್ದ. ಕೆಮಿಸ್ಟ್ರಿಯಲ್ಲಿ ಎ ಬರುವುದಿಲ್ಲ ಅಂತ ಆ ಮನೆಯಲ್ಲಿ ಗೊತ್ತಿದ್ದವನು ಅವನೊಬ್ಬನೇ. ನಾನು ಅದನ್ನು ಕೇಳಿಸಿಕೊಂಡಿದ್ದರೆ ಇನ್ಶೂರೆನ್ಸ್ ಬೇರೆ ಆಗುತ್ತಿತ್ತು.

ಆಗಸ್ಟ್ 17, ಗುರುವಾರ. ರಿಸಲ್ಟ್ ದಿನ ಹಬ್‌ನಲ್ಲಿ ಗ್ರೇಡ್ ಕಾಣುವುದಿಲ್ಲ, ಸೀಟು ಸಿಕ್ಕಿತೋ ಇಲ್ಲವೋ ಅಷ್ಟೇ ಕಾಣುತ್ತದೆ. ಗ್ರೇಡ್ ಶಾಲೆಯಿಂದ ಬರಬೇಕು. ಎಂಟು ಗಂಟೆ ದಾಟಿದ ಮೇಲೆ ಅವನು ಊಟದ ಮೇಜಿನ ಮೇಲೆ ಲ್ಯಾಪ್‌ಟಾಪ್ ಇಟ್ಟುಕೊಂಡು ಪೇಜನ್ನು ಮತ್ತೆ ಮತ್ತೆ ತೆರೆಯುತ್ತಿದ್ದ. ನಾನು ಹಿಂದೆ ನಿಂತಿದ್ದೆ. ನೀವು ಕ್ಲಿಯರಿಂಗ್‌ನಲ್ಲಿದ್ದೀರಿ ಅಂತ ಬಂತು, ಅಂದರೆ ಉಳಿದ ಖಾಲಿ ಸೀಟುಗಳಲ್ಲಿ ಹುಡುಕಿಕೊಳ್ಳಬೇಕು ಅಂತ. ಎರಡೂ ಹೋಗಿದ್ದವು. ಎಷ್ಟು ಬಂದಿದೆ ಅಂತ ಗೊತ್ತಾಗುವ ಮೊದಲೇ, ಸಾಕಾಗಲಿಲ್ಲ ಅನ್ನುವುದು ಗೊತ್ತಾಗಿತ್ತು. ಅವನು ಶೂ ಹಾಕಿಕೊಂಡು ಶಾಲೆಗೆ ನಡೆದ. ನಾನು ಬರಲಾ ಅಂದೆ, ಬೇಡ ಅಂದ. ಮುಕ್ಕಾಲು ಗಂಟೆಗೆ ಲಕೋಟೆ ಹಿಡಿದು ಬಂದ. ಮ್ಯಾಥ್ಸ್ ಎ, ಫಿಸಿಕ್ಸ್ ಬಿ, ಕೆಮಿಸ್ಟ್ರಿ ಬಿ.

ಎಬಿಬಿ. ನಾವು ಬೇಡ ಅಂದ ಮೂರನೆಯ ಯೂನಿವರ್ಸಿಟಿ ಕೇಳಿದ್ದು ಸರಿಯಾಗಿ ಅಷ್ಟೇ.

ಅಲ್ಲಿಗೇ ಮೊದಲು ಫೋನ್ ಮಾಡಿಸಿದೆ. ಅವನ ಗಂಟಲು ಕಟ್ಟಿಹೋಗಿತ್ತು, ನಾನೇ ಫೋನ್ ತೆಗೆದುಕೊಂಡೆ. ಆ ಕಡೆಯ ಹುಡುಗಿ ಬಹಳ ಮರ್ಯಾದೆಯಿಂದಲೇ, ವಿದ್ಯಾರ್ಥಿಯ ಜೊತೆಗೆ ಮಾತ್ರ ಮಾತಾಡಬಹುದು ಅಂದಳು. (ಅರ್ಜಿಯಲ್ಲಿ ನಮ್ಮ ಹೆಸರನ್ನು ಪ್ರತಿನಿಧಿ ಅಂತ ಬರೆದಿರದಿದ್ದರೆ ಅವರು ನಮ್ಮ ಹತ್ತಿರ ಏನೂ ಹೇಳುವಂತಿಲ್ಲ. ಈಗಲೇ ನೋಡಿಕೊಳ್ಳಿ.) ಅವನು ಮಾತಾಡಿದ. ಆ ಕೋರ್ಸ್ ಭರ್ತಿಯಾಗಿದೆ, ಕ್ಲಿಯರಿಂಗ್‌ನಲ್ಲಿ ಇಲ್ಲ ಅಂದರು. ಜೂನ್‌ನಲ್ಲಿ ಅವನಿಗಾಗಿ ಇದ್ದ ಸೀಟದು. ಸಂಜೆಯ ಹೊತ್ತಿಗೆ ಅವನು ಇನ್ನೊಂದು ಊರಿನಲ್ಲಿ, ಒಮ್ಮೆಯೂ ಕಾಲಿಡದ ಯೂನಿವರ್ಸಿಟಿಯಲ್ಲಿ, ಸೀಟು ಹಿಡಿದಿದ್ದ. ಹಾಸ್ಟೆಲ್ ರೂಮುಗಳು ಮುಗಿದಿದ್ದವು. ಮೊದಲ ವರ್ಷ ಕ್ಯಾಂಪಸ್ಸಿನಿಂದ ಎರಡು ಬಸ್ಸು ದೂರದಲ್ಲಿ, ತನಗಿಂತ ದೊಡ್ಡವರಾದ ಅಪರಿಚಿತರ ಜೊತೆ ಬಾಡಿಗೆಗಿದ್ದ. ಫೋನ್ ಮಾಡಿದಾಗಲೆಲ್ಲ ‘ಚೆನ್ನಾಗಿದೀನಿ’ ಅನ್ನುತ್ತಿದ್ದ. ಎಷ್ಟು ಒಂಟಿಯಾಗಿದ್ದ ಅಂತ ಗೊತ್ತಾಗಲು ನನಗೆ ಮುಂದಿನ ಬೇಸಿಗೆ ಬರಬೇಕಾಯಿತು.

ಈಗ ವ್ಯವಸ್ಥೆಯ ಬಗ್ಗೆ ಸ್ವಲ್ಪ ಹೇಳುತ್ತೇನೆ. ಇದನ್ನು ನಾವು ಕರ್ನಾಟಕದಲ್ಲಿ ಓದಿ ಬಂದವರು ತಲೆಕೆಳಗಾಗಿ ಅರ್ಥ ಮಾಡಿಕೊಂಡಿರುತ್ತೇವೆ. ನಮ್ಮ ಕಾಲದಲ್ಲಿ ಪಿಯುಸಿ ಮಾರ್ಕ್ಸ್ ಬಂತು, ಸಿಇಟಿ ರ‍್ಯಾಂಕ್ ಬಂತು, ಆಮೇಲೆ ಕೌನ್ಸೆಲಿಂಗ್‌ಗೆ ಹೋಗಿ ಇದ್ದುದರಲ್ಲಿ ಆರಿಸಿಕೊಂಡೆವು. ಮಾರ್ಕ್ಸ್ ಮೊದಲು, ಸೀಟು ಆಮೇಲೆ. ಇಲ್ಲಿ ಸೀಟು ಮೊದಲು, ಮಾರ್ಕ್ಸ್ ಆಮೇಲೆ. ಜೂನ್‌ನಲ್ಲಿ ಆರಿಸಿದ್ದು ಆಗಸ್ಟ್‌ನಲ್ಲಿ ನಮ್ಮನ್ನು ಕಟ್ಟಿಹಾಕುತ್ತದೆ. ಫರ್ಮ್ ಕೇಳಿದಷ್ಟು ಬಂದರೆ ಫರ್ಮ್‌ಗೇ ಹೋಗಬೇಕು, ಇನ್ಶೂರೆನ್ಸ್ ತಾನಾಗಿ ಬಿಟ್ಟುಹೋಗುತ್ತದೆ. ಫರ್ಮ್ ಕೈಬಿಟ್ಟು, ಇನ್ಶೂರೆನ್ಸ್ ಕೇಳಿದಷ್ಟು ಬಂದಿದ್ದರೆ ಇನ್ಶೂರೆನ್ಸ್‌ಗೆ ಹೋಗಬೇಕು. ಆ ದಿನ ಯಾವುದು ಬೇಕು ಅಂತ ನಿಂತು ಆರಿಸುವ ಹಾಗಿಲ್ಲ. ಎರಡೂ ಬೇಡ ಅನ್ನಿಸಿದರೆ ಸಿಕ್ಕಿದ ಸೀಟು ಬಿಟ್ಟು ಕ್ಲಿಯರಿಂಗ್‌ಗೆ ಇಳಿಯಬೇಕು. ಹಾಗಾಗಿ ಇನ್ಶೂರೆನ್ಸ್ ಅಂದರೆ ಕಾರಿನ ಇನ್ಶೂರೆನ್ಸ್ ಥರ ಕಟ್ಟಿ ಮರೆಯುವ ಕಾಗದವಲ್ಲ. ಅದು ನಿಮ್ಮ ಮಗು ಮೂರು ವರ್ಷ ಬದುಕಬಹುದಾದ ಊರು. ಆ ಮಗು ಉಣ್ಣುವ, ಮಲಗುವ, ಜ್ವರ ಬಂದರೆ ಒಬ್ಬಂಟಿಯಾಗಿ ಮಾತ್ರೆ ನುಂಗುವ ಊರು.

ಇನ್ನು ಇನ್ಶೂರೆನ್ಸ್ ಕೇಳುವ ಗ್ರೇಡ್ ಫರ್ಮ್‌ಗಿಂತ ಕಡಿಮೆ ಇರಬೇಕು ಅನ್ನುವುದನ್ನು ಎಲ್ಲರೂ ಹೇಳುತ್ತಾರೆ. ಎಷ್ಟು ಕಡಿಮೆ ಅನ್ನುವುದನ್ನು ಯಾರೂ ಹೇಳುವುದಿಲ್ಲ. ನಮ್ಮದು ಒಂದು ಎ ಸ್ಟಾರ್, ಎರಡು ಎಗೆ ಎದುರಾಗಿ ಮೂರು ಎ. ಬರೀ ಒಂದು ಗ್ರೇಡ್ ವ್ಯತ್ಯಾಸ. ಯೂಕಾಸ್ ಪಾಯಿಂಟ್ ಲೆಕ್ಕದಲ್ಲಿ ಎ ಸ್ಟಾರ್‌ಗೆ 56, ಎಗೆ 48, ಬಿಗೆ 40, ಸಿಗೆ 32. ಅಂದರೆ ನಮ್ಮ ಎರಡು ಆಯ್ಕೆಗಳ ನಡುವೆ ಇದ್ದದ್ದು ಎಂಟೇ ಪಾಯಿಂಟ್. ಒಂದು ಪೇಪರ್ ಕೆಟ್ಟರೆ ಎರಡೂ ಒಟ್ಟಿಗೆ ಹೋಗುತ್ತವೆ. ಹೋದವು. ಮಗು ಕೆಟ್ಟ ದಿನವೊಂದನ್ನು ಕಂಡರೂ ಮುಟ್ಟಬಹುದಾದ ಗ್ರೇಡ್ ಇರಬೇಕು ಅಲ್ಲಿ. ಮತ್ತೆ, ಕೆಲವು ಯೂನಿವರ್ಸಿಟಿಗಳು ಗ್ರೇಡ್ ಬದಲು ಪಾಯಿಂಟ್ ಕೇಳುತ್ತವೆ. ಇದನ್ನು ಸರಿಯಾಗಿ ಓದಿ. 128 ಪಾಯಿಂಟ್ ಅಂದರೆ ಎಬಿಬಿ ಆಗಬಹುದು, ಎ ಸ್ಟಾರ್ ಬಿ ಸಿ ಕೂಡ ಆಗಬಹುದು. ಒಂದು ವಿಷಯದಲ್ಲಿ ಜಾರಿದ್ದನ್ನು ಇನ್ನೊಂದರಲ್ಲಿ ತುಂಬಿಕೊಳ್ಳಬಹುದು. ಒಂದು ವಿಷಯದಲ್ಲಿ ಗಟ್ಟಿ, ಇನ್ನೊಂದರಲ್ಲಿ ಅಳುಕು ಇರುವ ಮಗುವಿಗೆ ಅಂಥ ಆಫರ್ ನಿಜಕ್ಕೂ ಸುರಕ್ಷಿತ. ಯಾವುದಾದರೂ ವಿಷಯದಲ್ಲಿ ಇಂಥದ್ದೇ ಗ್ರೇಡ್ ಬೇಕು ಅಂತ ಷರತ್ತು ಇದೆಯಾ ಅಂತ ಮಾತ್ರ ನೋಡಿಕೊಳ್ಳಿ.

‘ಆದರೆ ಶಾಲೆಯವರೇ ಪ್ರೆಡಿಕ್ಟ್ ಮಾಡಿದ್ದಾರಲ್ಲ’ ಅನ್ನುತ್ತೀರಿ. ನಾನೂ ಅಂದಿದ್ದೆ. ಲಂಡನ್ನಿನ ಯೂಸಿಎಲ್ ಯೂನಿವರ್ಸಿಟಿಯ ಗಿಲ್ ವೈನೆಸ್ ಅವರ ಅಧ್ಯಯನವೊಂದು 2016ರಲ್ಲಿ ಹೊರಬಂತು. ಮೂರು ಎ ಲೆವೆಲ್ ಸೇರಿಸಿ ಹೇಳಿದಷ್ಟೇ ಬಂದದ್ದು 100ರಲ್ಲಿ 16 ಮಕ್ಕಳಿಗೆ. 75 ಮಕ್ಕಳಿಗೆ ಹೇಳಿದ್ದಕ್ಕಿಂತ ಕಡಿಮೆ ಬಂದಿತ್ತು. ನಾಲ್ಕರಲ್ಲಿ ಮೂರು! ಮೇಷ್ಟ್ರುಗಳದ್ದು ಮೋಸವೇನಲ್ಲ. ಅವರು ಗ್ರೇಡ್ ಬರೆಯುವುದು ಪರೀಕ್ಷೆಗೆ ತಿಂಗಳುಗಟ್ಟಲೆ ಮೊದಲು. ಕಡಿಮೆ ಬರೆದರೆ ಆಫರ್ರೇ ಬರುವುದಿಲ್ಲ ಅಂತ ಅವರಿಗೆ ಗೊತ್ತು. ಹಾಗಾಗಿ ಎಲ್ಲ ಚೆನ್ನಾಗಿ ಕೂಡಿಬಂದರೆ ಎಷ್ಟು ಬರಬಹುದೋ ಅದನ್ನು ಬರೆಯುತ್ತಾರೆ. ಅದು ಮಗುವಿನ ಪರವಾದ ಒಂದು ಹಾರೈಕೆ. ಹಾರೈಕೆಯನ್ನು ಲೆಕ್ಕ ಅಂದುಕೊಂಡದ್ದು ನಾನು. (ಅದೇ ಅಧ್ಯಯನದಲ್ಲಿ, ಕಡಿಮೆ ಆದಾಯದ ಮನೆಗಳ ಜಾಣ ಮಕ್ಕಳಿಗೆ ಬರಬೇಕಾದ್ದಕ್ಕಿಂತ ಕಡಿಮೆ ಗ್ರೇಡ್ ಹೇಳುವುದು ಹೆಚ್ಚು ಅಂತಲೂ ಇತ್ತು. ಅದು ಇದಕ್ಕಿಂತ ದೊಡ್ಡ ಅನ್ಯಾಯ.)

ನಮ್ಮ ವರ್ಷದಲ್ಲಿ ಇನ್ನೂ ಒಂದು ವಿಷಯ ಇತ್ತು. ಕೋವಿಡ್ ಕಾಲದಲ್ಲಿ ಪರೀಕ್ಷೆ ಇಲ್ಲದೆ ಮೇಷ್ಟ್ರುಗಳೇ ಗ್ರೇಡ್ ಕೊಟ್ಟರು, 2021ರಲ್ಲಿ ಎ ಮತ್ತು ಎ ಸ್ಟಾರ್ 44.8 ಶೇಕಡಾಕ್ಕೆ ಏರಿತ್ತು. 2022ರಲ್ಲಿ 36.4. 2023ಕ್ಕೆ ಇಂಗ್ಲೆಂಡಿನಲ್ಲಿ ಹಳೆಯ ಮಟ್ಟಕ್ಕೇ ತರುತ್ತೇವೆ ಅಂತ ಪರೀಕ್ಷೆಗಳ ನಿಯಂತ್ರಣ ಸಂಸ್ಥೆ ಆಫ್‌ಕ್ವಾಲ್ ಮೊದಲೇ ಹೇಳಿತ್ತು. ಆ ವರ್ಷ ಒಟ್ಟಾರೆ ಎ ಮತ್ತು ಎ ಸ್ಟಾರ್ 27.2 ಶೇಕಡಾಕ್ಕೆ ಇಳಿಯಿತು. ಆ ಮಕ್ಕಳು ಹದಿನಾರರ ವಯಸ್ಸಿಗೆ ಬರೆಯುವ ಜಿಸಿಎಸ್‌ಇ ಪರೀಕ್ಷೆಯನ್ನೂ ಬರೆದಿರಲಿಲ್ಲ. ಅವರ ಬದುಕಿನ ಮೊದಲ ದೊಡ್ಡ ಪರೀಕ್ಷೆಯೇ ಎ ಲೆವೆಲ್. ಇದೆಲ್ಲ ಪತ್ರಿಕೆಗಳಲ್ಲಿ ಬಂದಿತ್ತು. ಹಾಗಿದ್ದೂ ನಾನು ಪಕ್ಕದ ಮನೆಯವರ ಮಗಳಿಗೆ ಹಿಂದಿನ ವರ್ಷ ಎಷ್ಟು ಬಂತು ಅನ್ನುವುದನ್ನೇ ಹಿಡಿದುಕೊಂಡು ಕೂತಿದ್ದೆ.

ಹೋದ ವರ್ಷ ಪರಿಚಯದ ಒಂದು ಮನೆಯವರು ಮಗಳನ್ನು ಕರೆದುಕೊಂಡು ನಮ್ಮ ಮನೆಗೆ ಬಂದರು. ಅಪ್ಪ ಒಂದು ಹೆಸರು ಹೇಳುತ್ತಿದ್ದರು, ಮಗಳು ನೆಲ ನೋಡುತ್ತಿದ್ದಳು. ಆ ಹುಡುಗಿಯ ಭುಜ ಕುಗ್ಗಿದ್ದು ನೋಡಿ ನನಗೆ ಆ ನೀರಿನ ಲೋಟ ನೆನಪಾಯಿತು. ಅವಳಿಗೊಂದು ಚೀಟಿ, ಪೆನ್ನು ಕೊಟ್ಟು ಒಳಗಿನ ರೂಮಿಗೆ ಕಳಿಸಿದೆ. ‘ಶಾಲೆಯವರು ಹೇಳಿದ್ದು ಬೇಡ. ನಿಂಗೆ ಬೇಕಾಗಿದ್ದೂ ಬೇಡ. ನಾಳೆ ಬೆಳಗ್ಗೆನೇ ಪರೀಕ್ಷೆ ಅಂದ್ರೆ ಏನ್ ಬರುತ್ತೆ, ಅದನ್ನ ಬರಿ. ಕೆಟ್ಟ ದಿನ ಆದ್ರೆ ಏನ್ ಬರುತ್ತೆ, ಅದನ್ನೂ ಬರಿ. ತೋರಿಸ್ಲೇಬೇಕು ಅಂತೇನಿಲ್ಲ’ ಅಂದೆ. ಅವಳು ಬಹಳ ಹೊತ್ತು ಬರಲಿಲ್ಲ. ಬಂದವಳು ಚೀಟಿಯನ್ನು ನೇರ ಅಪ್ಪನ ಕೈಗೇ ಕೊಟ್ಟಳು. ಮೊದಲ ಸಾಲಿನಲ್ಲಿ ಎಎಬಿ, ಎರಡನೆಯದರಲ್ಲಿ ಬಿಬಿಬಿ. ಅಪ್ಪ ಅದನ್ನು ಎರಡು ಸಲ ಓದಿದರು. ಮಡಿಸಿ ಜೇಬಿಗೆ ಹಾಕಿಕೊಂಡರು. ಆಮೇಲೆ, ‘ಆ ಬಿಬಿಬಿ ಕೇಳಿರೋ ಊರಿಗೆ ನಾವು ಹೋಗೇ ಇಲ್ವಲ್ಲ ಪುಟ್ಟಿ, ಶನಿವಾರ ಹೋಗಿ ನೋಡ್ಕೊಂಡು ಬರೋಣ್ವಾ?’ ಅಂದರು. ಆ ಹುಡುಗಿ ಅವತ್ತು ಮೊದಲ ಸಲ ತಲೆ ಎತ್ತಿದಳು.

ನಿಮ್ಮನ್ನೂ ಅದನ್ನೇ ಕೇಳುತ್ತೇನೆ. ಉತ್ತರ ಒತ್ತುವ ಮೊದಲು ಇನ್ಶೂರೆನ್ಸ್ ಊರಿಗೆ ಒಂದು ಸಲ ಹೋಗಿಬನ್ನಿ. ಫರ್ಮ್‌ಗೆ ಎರಡು ಸಲ ಹೋಗಿರುತ್ತೀರಿ, ಇದಕ್ಕೊಂದು ಸಲ ಹೋಗಿ. ಆಫರ್ ಬಂದವರನ್ನು ಕರೆಯುವ ಆಫರ್ ಹೋಲ್ಡರ್ ಡೇ ಮುಗಿದಿದ್ದರೂ ಪರವಾಗಿಲ್ಲ. ಸುಮ್ನೆ ಊರು ಸುತ್ತಿ, ಬಸ್ಸು ಹತ್ತಿ, ಲೈಬ್ರರಿ ಎಲ್ಲಿದೆ ನೋಡಿ. ಇಲ್ಲಿಗೆ ಬರೋದಾದ್ರೆ ನಿಂಗೆ ಹೇಗನ್ನಿಸುತ್ತೆ ಅಂತ ಮಗುವನ್ನು ಕೇಳಿ. ಮುಖ ಸಪ್ಪೆಯಾದರೆ ಆ ಜಾಗ ಬೇಡ, ಅದು ಎಷ್ಟೇ ಕಡಿಮೆ ಗ್ರೇಡ್ ಕೇಳಿದ್ದರೂ ಬೇಡ.

ಹಾಸ್ಟೆಲ್ ವಿಷಯ ಈಗಲೇ ವಿಚಾರಿಸಿ. ಬಹಳಷ್ಟು ಯೂನಿವರ್ಸಿಟಿಗಳು ರೂಮಿನ ಗ್ಯಾರಂಟಿ ಕೊಡುವುದು ತಮ್ಮನ್ನು ಫರ್ಮ್ ಮಾಡಿಕೊಂಡವರಿಗೆ ಮಾತ್ರ. ಇನ್ಶೂರೆನ್ಸ್‌ನಿಂದ ಬಂದವರಿಗೆ ಏನು ವ್ಯವಸ್ಥೆ ಅಂತ ಒಂದು ಇಮೇಲ್ ಹಾಕಿಸಿ. ಸ್ಟೂಡೆಂಟ್ ಫೈನಾನ್ಸ್‌ಗೆ (ಓದಿಗಾಗಿ ಸರ್ಕಾರ ಕೊಡುವ ಸಾಲಕ್ಕೆ) ಫರ್ಮ್ ಹೆಸರಿನಲ್ಲೇ ಅರ್ಜಿ ಹಾಕಬಹುದು, ಆಗಸ್ಟ್‌ನಲ್ಲಿ ಬದಲಾಯಿಸಬಹುದು, ಅದಕ್ಕೆ ಹೆದರಿಕೆ ಬೇಡ.

ಇಷ್ಟೆಲ್ಲ ಹೇಳಿದ್ದಕ್ಕೆ, ದೊಡ್ಡ ಆಸೆ ಇಟ್ಟುಕೊಳ್ಳಬೇಡಿ ಅಂತ ಹೇಳಿದೆ ಅಂದುಕೊಳ್ಳಬೇಡಿ. ಫರ್ಮ್‌ನಲ್ಲಿ ಧೈರ್ಯ ಮಾಡಿ. ಅಲ್ಲಿ ಮಗುವಿನ ಆಸೆಯೇ ನಡೆಯಲಿ. ಒಂದು ಗ್ರೇಡ್ ಕಡಿಮೆ ಬಂದರೂ ಸೀಟು ಕೊಟ್ಟ ಯೂನಿವರ್ಸಿಟಿಗಳು ಬೇಕಾದಷ್ಟಿವೆ. ಕೆಲವೊಮ್ಮೆ ಕೇಳಿದ ಕೋರ್ಸಿನ ಬದಲು ಹತ್ತಿರದ ಇನ್ನೊಂದು ಕೋರ್ಸ್ ಕೊಡುತ್ತೇವೆ ಅನ್ನುತ್ತಾರೆ, ಒಪ್ಪುವುದು ಬಿಡುವುದು ಮಗುವಿಗೆ ಬಿಟ್ಟದ್ದು. ಸೀಟು ಕಡಿಮೆ, ನೂಕುನುಗ್ಗಲು ಜಾಸ್ತಿ ಇರುವ ಕೋರ್ಸ್‌ಗಳಲ್ಲಿ ಈ ಉದಾರತೆ ಸಿಗುವುದು ಕಷ್ಟ. ಇನ್ಶೂರೆನ್ಸ್ ಗಟ್ಟಿಯಾಗಿದ್ದರೆ ಫರ್ಮ್‌ನಲ್ಲಿ ಎಷ್ಟು ಎತ್ತರಕ್ಕೆ ಬೇಕಾದರೂ ಕೈಚಾಚಬಹುದು. ನಮ್ಮ ಮನೆಯಲ್ಲಿ ಆಗಬೇಕಿದ್ದದ್ದು ಅದೇ. ಅವನ ಫರ್ಮ್ ತಪ್ಪಾಗಿರಲಿಲ್ಲ.

ಮೆಡಿಸಿನ್‌ಗೆ ಹಾಕಿದ ಮಕ್ಕಳ ಮನೆಗಳದ್ದು ಬೇರೆ ಸಂಕಟ. ಅಲ್ಲಿ ನಾಲ್ಕೇ ಮೆಡಿಕಲ್ ಕಾಲೇಜಿಗೆ ಹಾಕಬಹುದು, ಐದನೆಯದು ಬೇರೆ ಕೋರ್ಸ್ ಆಗಿರಬೇಕು. ಆ ಐದನೆಯದನ್ನು ಇನ್ಶೂರೆನ್ಸ್ ಮಾಡುವ ಮೊದಲು ಮಗುವನ್ನು ಕೂರಿಸಿಕೊಂಡು ಕೇಳಿ: ಮೆಡಿಸಿನ್ ಸಿಗದಿದ್ದರೆ ನಿಜಕ್ಕೂ ಇದನ್ನು ಓದುತ್ತೀಯಾ, ಇಲ್ಲ ಒಂದು ವರ್ಷ ನಿಂತು ಮತ್ತೆ ಪ್ರಯತ್ನ ಮಾಡುತ್ತೀಯಾ? ಎರಡೂ ಸರಿಯಾದ ದಾರಿಗಳೇ. ಮನಸ್ಸಿಲ್ಲದ ಕೋರ್ಸಿಗೆ ಆಗಸ್ಟ್‌ನಲ್ಲಿ ಗಾಬರಿಯಿಂದ ಸೇರಿಕೊಳ್ಳುವುದು ಮಾತ್ರ ಸರಿಯಲ್ಲ.

ಹೆಸರಿನ ವಿಷಯಕ್ಕೆ ಬರುತ್ತೇನೆ. ನನ್ನ ತಪ್ಪಿನ ಬೇರು ಅಲ್ಲೇ ಇತ್ತು. ನಮ್ಮ ಕಾರ್ಯಕ್ರಮಗಳಲ್ಲಿ, ಯುಗಾದಿ ಊಟದ ಸಾಲಿನಲ್ಲಿ ಕೂಡ, ‘ರಸೆಲ್ ಗ್ರೂಪಾ?’ ಅಂತ ಕೇಳುತ್ತೇವೆ. ರಸೆಲ್ ಗ್ರೂಪ್ ಅಂದರೆ 24 ಯೂನಿವರ್ಸಿಟಿಗಳ ಒಂದು ಸಂಘ. 1994ರಲ್ಲಿ ಶುರುವಾಯಿತು. ಲಂಡನ್ನಿನ ರಸೆಲ್ ಹೋಟೆಲ್‌ನಲ್ಲಿ ಸಭೆ ಸೇರುತ್ತಿದ್ದರಿಂದ ಆ ಹೆಸರು. ಸಂಶೋಧನೆಯಲ್ಲಿ ದೊಡ್ಡ ಯೂನಿವರ್ಸಿಟಿಗಳು ಹೌದು, ಅದರಲ್ಲಿ ಎರಡು ಮಾತಿಲ್ಲ. ಆದರೆ ಅದು ರ‍್ಯಾಂಕ್ ಪಟ್ಟಿ ಅಲ್ಲ. ನಿಮ್ಮ ಮಗು ಓದಬೇಕೆಂದಿರುವ ವಿಷಯವನ್ನು ಯಾರು ಚೆನ್ನಾಗಿ ಕಲಿಸುತ್ತಾರೆ ಅಂತ ಅದು ಹೇಳುವುದಿಲ್ಲ. ಆ ಸಂಘದ ಹೊರಗೂ ಒಳ್ಳೆಯ ಡಿಪಾರ್ಟ್‌ಮೆಂಟುಗಳಿವೆ. ನಾನು ಬೇಡ ಅಂದದ್ದು ಅಂಥ ಒಂದನ್ನು.

ಇನ್ನೊಂದು ಬೇಡಿಕೆ ನಮ್ಮೆಲ್ಲರಿಗೂ ಸೇರಿದ್ದು. ಆಗಸ್ಟ್ ಮುಗಿಯುವವರೆಗೆ ಬೇರೆಯವರ ಮಕ್ಕಳನ್ನು ‘ಎಲ್ಲಿ ಫರ್ಮ್ ಮಾಡಿದೀಯಾ?’ ಅಂತ ಕೇಳಬೇಡಿ. ಮಗು ಒಂದು ಸಲ ಹೆಸರು ಹೇಳಿತು ಅಂದರೆ ಅದು ಸಿಗದಿದ್ದಾಗ ಅಷ್ಟೂ ಜನಕ್ಕೆ ಉತ್ತರ ಕೊಡಬೇಕು. ನನ್ನ ಮಗ ಆ ವರ್ಷ ದಸರಾ ಕಾರ್ಯಕ್ರಮಕ್ಕೆ ಬರಲಿಲ್ಲ, ದೀಪಾವಳಿಗೂ ಬರಲಿಲ್ಲ. ಓದು ಜಾಸ್ತಿ ಅಂದ. ನಿಮ್ಮಲ್ಲಿ ಕೆಲವರು ಅವನನ್ನು ವಿಚಾರಿಸಿದ್ದಿರಿ. ಈಗ ಕಾರಣ ಹೇಳುತ್ತಿದ್ದೇನೆ.

ಅಕಸ್ಮಾತ್ ಆಗಸ್ಟ್‌ನಲ್ಲಿ ಎರಡೂ ತಪ್ಪಿದರೆ, ಕ್ಲಿಯರಿಂಗ್ ಅವಮಾನವಲ್ಲ. ಅದು ಜುಲೈನಲ್ಲೇ ಶುರುವಾಗಿರುತ್ತದೆ. ಯಾವ ಕೋರ್ಸ್‌ಗಳು ಖಾಲಿ ಇವೆ ಅಂತ ಮೊದಲೇ ನೋಡಿ, ನಾಲ್ಕೈದು ಫೋನ್ ನಂಬರ್ ಬರೆದಿಟ್ಟುಕೊಂಡರೆ ಆ ಬೆಳಗ್ಗೆ ಕೈ ನಡುಗುವುದು ಕಡಿಮೆ. ಯೂನಿವರ್ಸಿಟಿಯವರು ಫೋನಿನಲ್ಲಿ ಸೀಟು ಕೊಡುತ್ತೇವೆ ಅಂದ ಮೇಲೆ ಮಾತ್ರ ಹಬ್‌ನಲ್ಲಿ ಸೇರಿಸಬೇಕು. ಒಂದು ಸಲಕ್ಕೆ ಒಂದೇ. ಕೂಡಲೇ ಒಪ್ಪಿಕೊಳ್ಳಬೇಡಿ, ಸ್ವಲ್ಪ ಹೊತ್ತು ಕೇಳಿಕೊಳ್ಳಿ, ಇನ್ನೆರಡು ಕಡೆ ಮಾತಾಡಿ. ಒಂದೆರಡು ಅಂಕದಲ್ಲಿ ಗ್ರೇಡ್ ತಪ್ಪಿದ್ದರೆ ಶಾಲೆಯ ಮೂಲಕ ಬೇಗನೆ ಮರುಪರಿಶೀಲನೆ ಕೇಳಬಹುದು. ಗ್ರೇಡ್ ಇಳಿಯುವ ಸಾಧ್ಯತೆಯೂ ಉಂಟು ಅನ್ನುವುದು ನೆನಪಿರಲಿ. ಮತ್ತೆ, ಫೋನ್ ಮಗುವಿನ ಕೈಯಲ್ಲೇ ಇರಲಿ. ನೀವು ಪಕ್ಕದಲ್ಲಿ ಕೂತಿರಿ.

ಈಗಾಗಲೇ ಉತ್ತರ ಒತ್ತಿಬಿಟ್ಟಿದ್ದೀರಾ? ಯೂಕಾಸ್‌ಗೆ ಫೋನ್ ಮಾಡಿಸಿ. ಕೆಲವು ದಿನಗಳೊಳಗೆ ಬದಲಾಯಿಸಲು ಅವಕಾಶ ಇರುತ್ತದೆ. ಇವತ್ತೇ ಮಾಡಿಸಿ.

ಈ ಪತ್ರ ಸರ್ಕಾರದವರ ಕಣ್ಣಿಗೂ ಬೀಳಲಿ ಅಂತ ಒಂದು ಮಾತು. ಮಾರ್ಕ್ಸ್ ಬಂದ ಮೇಲೆ ಸೀಟು ಕೊಡಿ ಅಂತ 2004ರಲ್ಲೇ ಯೂನಿವರ್ಸಿಟಿ ಪ್ರವೇಶದ ಬಗ್ಗೆ ಬಂದ ಶ್ವಾರ್ಟ್ಜ್ ವರದಿ ಹೇಳಿತ್ತು. 2021ರಲ್ಲಿ ಸರ್ಕಾರ ಇದರ ಬಗ್ಗೆ ಎಲ್ಲರ ಅಭಿಪ್ರಾಯ ಕೇಳಿತು. 2022ರ ಫೆಬ್ರುವರಿಯಲ್ಲಿ ಕೈಬಿಟ್ಟಿತು. ಕೆಲಸ ಸುಲಭವಲ್ಲ, ಒಪ್ಪುತ್ತೇನೆ. ಪರೀಕ್ಷೆಯ ದಿನ, ರಿಸಲ್ಟ್ ದಿನ, ಕಾಲೇಜು ಶುರುವಾಗುವ ದಿನ ಎಲ್ಲ ಬದಲಾಗಬೇಕು. ಆದರೆ ನಾಲ್ಕರಲ್ಲಿ ಮೂರು ಸಲ ಹೆಚ್ಚಾಗಿ ಹೇಳುವ ಅಂದಾಜಿನ ಮೇಲೆ ಹದಿನೇಳು ಹದಿನೆಂಟು ವರ್ಷದ ಮಕ್ಕಳಿಂದ ಬದುಕಿನ ತೀರ್ಮಾನ ಮಾಡಿಸುವುದು ಇನ್ನೂ ಕಷ್ಟದ್ದು. ಆ ಕಷ್ಟ ಮಕ್ಕಳ ಪಾಲಿಗೆ ಬಂದಿದೆ ಅಷ್ಟೇ. ದಯವಿಟ್ಟು ಮತ್ತೆ ಕೈಗೆತ್ತಿಕೊಳ್ಳಿ.

ಅಲ್ಲಿಯವರೆಗೆ ನಮ್ಮ ಕೈಯಲ್ಲಿರುವುದು ನಮ್ಮ ಅಡುಗೆಮನೆ. ಇವತ್ತು ರಾತ್ರಿ ಮಗು ಬಂದು ಬಾಗಿಲಿಗೆ ಒರಗಿ ನಿಂತರೆ ನಲ್ಲಿ ನಿಲ್ಲಿಸಿ. ಕೈ ಒರೆಸಿಕೊಂಡು ತಿರುಗಿ. ‘ಬಿ ಬಂದ್ರೆ?’ ಅಂತ ಅದು ಕೇಳಿದರೆ, ‘ಹೌದಲ್ಲ, ಬಂದ್ರೆ ಎಲ್ಲಿಗೆ ಹೋಗೋಣ ಹೇಳು’ ಅನ್ನಿ.

ಈ ಪತ್ರ ಹೊರಗೆ ಕಳಿಸುವ ಮೊದಲು ಮಗನಿಗೆ ಓದಿ ಹೇಳಿದೆ. ಅವನ ಕಥೆ, ಅವನು ಒಪ್ಪದೆ ಬರೆಯುವ ಹಾಗಿಲ್ಲ. ಎಲ್ಲ ಕೇಳಿದ. ಹಾಕು ಅಂದ. ಒಂದು ಕಡೆ ಮಾತ್ರ ತಿದ್ದಿದ.

‘ಒಂದು ರಾತ್ರಿ ಅಂತ ಬರ್ದಿದೀಯಲ್ಲ ಅಮ್ಮ, ಅದು ಒಂದ್ ಸಲ ಅಲ್ಲ. ಆ ತಿಂಗಳು ನಾನು ನಿನ್ನ ಮೂರ್ ಸಲ ಕೇಳಿದ್ದೆ.’

ಇಂತಿ,
ನಿಮ್ಮಂಥ ಒಬ್ಬ ತಾಯಿ